ಪಿಎಚ್ 7.20: ಒಂದು ಎಬಿಜಿ ವರದಿಗೆ ವ್ಯಾಖ್ಯಾನ

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಎಬಿಜಿ ಎಂದು ಕರೆಯುವ ಪರೀಕ್ಷೆಯ ಚೀಟಿ ಚಿಕ್ಕದು, ಓದುವುದು ಮಾತ್ರ ಕಷ್ಟ. ಧಮನಿಯಿಂದ ತೆಗೆದ ರಕ್ತದಲ್ಲಿ ಆಮ್ಲ ಎಷ್ಟು, ಯಾವ ಅನಿಲ ಎಷ್ಟು ಎಂಬುದನ್ನು ಅದು ಹೇಳುತ್ತದೆ. ಬೇರೆ ರಕ್ತಪರೀಕ್ಷೆಗಳಲ್ಲಿ ಅಂಕಿಯನ್ನು ಪಕ್ಕದಲ್ಲಿ ಅಚ್ಚಾದ ಸಾಮಾನ್ಯ ಮಿತಿಗೆ ಹೋಲಿಸಿದರೆ ಬಹುಪಾಲು ವಿಷಯ ತಿಳಿಯುತ್ತದೆ. ಎಬಿಜಿಯಲ್ಲಿ ಆ ಅಭ್ಯಾಸ ದಾರಿ ತಪ್ಪಿಸುತ್ತದೆ. ಇಲ್ಲಿ ಒಂದು ಸಾಲಿನ ಅರ್ಥ ಇನ್ನೊಂದು ಸಾಲಿನಲ್ಲಿರುತ್ತದೆ. ಮಿತಿ ಮೀರಿದ ಅಂಕಿಯು ದೇಹ ಸರಿಯಾಗಿ ಹೋರಾಡುತ್ತಿರುವುದರ ಗುರುತಾಗಿರಬಹುದು. ಮಿತಿಯೊಳಗಿನ ಅಂಕಿಯು ದೇಹ ಸೋಲುತ್ತಿರುವುದರ ಗುರುತಾಗಿರಬಹುದು.

ಕೆಳಗಿನದು ವಿವರಣೆಗಾಗಿ ಜೋಡಿಸಿದ ವರದಿ. ರೋಗಿ ಬೆಂಗಳೂರಿನ ಹತ್ತೊಂಬತ್ತು ವರ್ಷದ ಹುಡುಗ ಎಂದಿಟ್ಟುಕೊಳ್ಳಿ. ಚಿಕ್ಕಂದಿನಿಂದ ಟೈಪ್ 1 ಸಕ್ಕರೆ ಕಾಯಿಲೆ, ದಿನವೂ ಇನ್ಸುಲಿನ್. ಎರಡು ದಿನದಿಂದ ವಾಂತಿ, ಹೊಟ್ಟೆನೋವು. ಊಟವೇ ಸೇರುತ್ತಿಲ್ಲ, ಇನ್ಸುಲಿನ್ ಕೊಟ್ಟರೆ ಸಕ್ಕರೆ ಪೂರ್ತಿ ಇಳಿದುಹೋದೀತು ಎಂದು ಹೆದರಿ ಮನೆಯವರು ಸೂಜಿ ನಿಲ್ಲಿಸಿದ್ದಾರೆ. ಈಗ ಹುಡುಗ ಜೋರಾಗಿ ಉಸಿರಾಡುತ್ತಿದ್ದಾನೆ. ದಮ್ಮು ಇರಬೇಕೆಂದು ಕರೆತಂದಿದ್ದಾರೆ.

ಮಾದರಿ: ಧಮನಿ ರಕ್ತ. ತಾಪಮಾನ 37.0 ಡಿಗ್ರಿ ಸೆಲ್ಸಿಯಸ್. ಎಫ್‌ಐಒ2: 0.21

ಈ ಸಾಲನ್ನು ಹೆಚ್ಚಿನವರು ದಾಟಿಹೋಗುತ್ತಾರೆ. ಹಾಗೆ ದಾಟಬಾರದು, ಉಳಿದ ಅಂಕಿಗಳನ್ನು ನಂಬಬಹುದೇ ಎಂಬುದು ಇಲ್ಲಿಯೇ ತೀರ್ಮಾನವಾಗುತ್ತದೆ. ರಕ್ತವನ್ನು ಸಾಮಾನ್ಯವಾಗಿ ತೆಗೆಯುವುದು ಮಣಿಕಟ್ಟಿನಲ್ಲಿ ನಾಡಿ ಬಡಿಯುವ ಧಮನಿಯಿಂದ. ಸಿರೆಯಿಂದ ತೆಗೆಯುವುದಕ್ಕಿಂತ ನೋವು ಹೆಚ್ಚು. ಸೂಜಿ ತೆಗೆದ ಮೇಲೆ ಕನಿಷ್ಠ ಐದು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಅಲ್ಲಿ ರಕ್ತ ಕಟ್ಟಿ ಊದಿಕೊಳ್ಳುತ್ತದೆ. ರಕ್ತ ಹೆಪ್ಪುಗಟ್ಟದಂತೆ ಸಿರಿಂಜಿನಲ್ಲಿ ಹೆಪಾರಿನ್ ಇರುತ್ತದೆ. ದ್ರವರೂಪದ ಹೆಪಾರಿನ್ ಹೆಚ್ಚಾದರೆ ರಕ್ತ ತೆಳುವಾಗಿ ಇಂಗಾಲದ ಡೈಆಕ್ಸೈಡ್ ಮತ್ತು ಬೈಕಾರ್ಬೊನೇಟ್ ಎರಡೂ ಇರುವುದಕ್ಕಿಂತ ಕಡಿಮೆ ತೋರುತ್ತವೆ. ಗಾಳಿಯ ಗುಳ್ಳೆ ಉಳಿದರೆ ಇಂಗಾಲದ ಡೈಆಕ್ಸೈಡ್ ಗುಳ್ಳೆಗೆ ಸೋರುತ್ತದೆ, ಆಮ್ಲಜನಕ ಗಾಳಿಯ ಮಟ್ಟದ ಕಡೆಗೆ ಸರಿಯುತ್ತದೆ. ಸಿರಿಂಜು ಮೇಜಿನ ಮೇಲೆ ಅರ್ಧ ಗಂಟೆಗಿಂತ ಹೆಚ್ಚು ಬಿದ್ದಿದ್ದರೆ ಅದರೊಳಗಿನ ರಕ್ತಕಣಗಳು ಬದುಕುವುದನ್ನು ಮುಂದುವರಿಸಿ ಆಮ್ಲಜನಕವನ್ನೂ ಸಕ್ಕರೆಯನ್ನೂ ತಿಂದು ಲ್ಯಾಕ್ಟಿಕ್ ಆಮ್ಲ ಬಿಡುತ್ತವೆ.

0.21 ಎಂದರೆ ರೋಗಿ ಮಾಸ್ಕ್ ಇಲ್ಲದೆ, ಶೇಕಡಾ 21ರಷ್ಟು ಆಮ್ಲಜನಕವಿರುವ ಮಾಮೂಲು ಗಾಳಿಯನ್ನೇ ಉಸಿರಾಡುತ್ತಿದ್ದಾನೆ. ಮಾಸ್ಕ್ ಹಾಕಿದ್ದೂ ಇಲ್ಲಿ 0.21 ಎಂದು ಬರೆದಿದ್ದರೆ ಮುಂದಿನ ಆಮ್ಲಜನಕದ ಸಾಲನ್ನು ಓದಿ ಪ್ರಯೋಜನವಿಲ್ಲ.

ಪಿಎಚ್: 7.20 (ಸಾಮಾನ್ಯ ಮಿತಿ 7.35–7.45)

ಪಿಎಚ್ ಅಳತೆಯನ್ನು ಡೆನ್ಮಾರ್ಕಿನ ಸೋರೆನ್ಸೆನ್ 1909ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ರೂಪಿಸಿದರು. ಅದು ಹೈಡ್ರೋಜನ್ ಅಯಾನುಗಳ ಸಾಂದ್ರತೆಯ ಲಾಗರಿದಮ್ಮು, ಅದೂ ಋಣ ಚಿಹ್ನೆಯೊಂದಿಗೆ. ಹಾಗಾಗಿ ಆಮ್ಲ ಏರಿದಂತೆ ಅಂಕಿ ಇಳಿಯುತ್ತದೆ, ಮತ್ತು ಅಂಕಿಯ ಸಣ್ಣ ಇಳಿತದ ಹಿಂದೆ ದೊಡ್ಡ ಏರಿಕೆ ಅಡಗಿರುತ್ತದೆ. 7.40ರಲ್ಲಿ ಒಂದು ಲೀಟರಿಗೆ 40 ನ್ಯಾನೊಮೋಲ್ ಹೈಡ್ರೋಜನ್ ಅಯಾನುಗಳಿರುತ್ತವೆ. 7.20ರಲ್ಲಿ 63. ಕಣ್ಣಿಗೆ ಕಾಣುವುದು ದಶಮಾಂಶ ಎರಡರ ಇಳಿಕೆ, ಒಳಗೆ ಆಗಿರುವುದು ಒಂದೂವರೆ ಪಟ್ಟು ಏರಿಕೆ. 7.10ಕ್ಕೆ ಬಂದರೆ ಎರಡು ಪಟ್ಟು. ಮನುಷ್ಯ ಬದುಕಿರಬಲ್ಲ ಹರವು ಸುಮಾರು 6.8ರಿಂದ 7.8, ಎರಡೂ ತುದಿಗಳಲ್ಲಿ ಬದುಕು ಬಹಳ ಹೊತ್ತಿನದಲ್ಲ. ಕಿಣ್ವಗಳು, ಹೃದಯದ ಸ್ನಾಯು, ನರಗಳು ಎಲ್ಲವೂ ಕೆಲಸ ಮಾಡುವುದು ಆ 40ರ ಆಸುಪಾಸಿನಲ್ಲಿ.

ನಿಂಬೆ ನೀರು, ಕ್ಷಾರೀಯ ನೀರು, ಕ್ಷಾರೀಯ ಆಹಾರ ರಕ್ತದ ಪಿಎಚ್ ಏರಿಸಿ ರೋಗ ತಡೆಯುತ್ತವೆ ಎಂದು ಈಗ ಬಹಳ ಪ್ರಚಾರವಿದೆ. ಆ ಮಾತಿಗೆ ಈ ಸಾಲಿನಲ್ಲಿಯೇ ಉತ್ತರವಿದೆ. ಆರೋಗ್ಯವಂತರ ದೇಹ ದಿನಕ್ಕೆ ಸುಮಾರು 15,000 ಮಿಲಿಮೋಲ್ ಇಂಗಾಲದ ಡೈಆಕ್ಸೈಡನ್ನು ಉಸಿರಿನಲ್ಲಿ ಹೊರಹಾಕುತ್ತದೆ. ಕಿಲೋ ತೂಕಕ್ಕೆ ಸುಮಾರು ಒಂದು ಮಿಲಿಮೋಲ್ ಲೆಕ್ಕದಲ್ಲಿ ಬೇರೆ ಆಮ್ಲಗಳನ್ನು ಮೂತ್ರದಲ್ಲಿ ಕಳಿಸುತ್ತದೆ. ನೀವು ತಿಂದದ್ದಕ್ಕೆ ತಕ್ಕಂತೆ ಮೂತ್ರದ ಪಿಎಚ್ ಬದಲಾಗುತ್ತದೆ, ಏಕೆಂದರೆ ರಕ್ತದ್ದು ಬದಲಾಗದಂತೆ ಮೂತ್ರಪಿಂಡ ಕಾಯುತ್ತಿರುತ್ತದೆ. ಮನೆಯಲ್ಲಿ ಪಟ್ಟಿ ಅದ್ದಿ ನೋಡುವುದು ಮೂತ್ರದ್ದು ಅಥವಾ ಎಂಜಲಿನದು; ಅದರಿಂದ ರಕ್ತದ ಸ್ಥಿತಿ ತಿಳಿಯುವುದಿಲ್ಲ. ಟೈಪ್ 1 ಕಾಯಿಲೆಯ ಮಕ್ಕಳಿಗೆ ಇನ್ಸುಲಿನ್ ಬಿಡಿಸಿ ಇಂಥ ನೀರು ಕುಡಿಸಿದರೆ ಆಗುವುದು ಈ ವರದಿಯಲ್ಲಿರುವುದೇ.

7.20 ಎಂಬುದು ಆಮ್ಲ ಹೆಚ್ಚಿದೆ ಎಂದಷ್ಟೇ ಹೇಳುತ್ತದೆ. ಶ್ವಾಸಕೋಶದ ದೋಷವೋ, ದೇಹದ ರಸಾಯನದ ದೋಷವೋ, ಎರಡೂ ಕೂಡಿದ್ದೋ, ಈ ಸಾಲಿಗೆ ಗೊತ್ತಿಲ್ಲ.

ಪಿಸಿಒ2: 21 ಮಿ.ಮೀ. ಪಾದರಸ (35–45)

ಇಡೀ ವರದಿಯಲ್ಲಿ ನಿಂತು ನೋಡಬೇಕಾದ ಸಾಲು ಇದು. ರಕ್ತದಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಆಮ್ಲದಂತೆ ವರ್ತಿಸುತ್ತದೆ. ಶ್ವಾಸಕೋಶ ಸೋತು ಆಮ್ಲ ಏರಿದ್ದರೆ ಈ ಅಂಕಿ 45ನ್ನು ದಾಟಿರಬೇಕಿತ್ತು. ಇಲ್ಲಿ ಅರ್ಧಕ್ಕೆ ಇಳಿದಿದೆ. ಅಂದರೆ ಶ್ವಾಸಕೋಶ ಕಾರಣವಲ್ಲ, ರಕ್ಷಣೆಗೆ ನಿಂತಿರುವುದು ಅದೇ. ಬೇರೆಲ್ಲೋ ಹುಟ್ಟಿದ ಆಮ್ಲವನ್ನು ಸರಿದೂಗಿಸಲು ಹುಡುಗ ಆಳವಾಗಿ, ಬಿಡುವಿಲ್ಲದೆ ಉಸಿರಾಡಿ ಇಂಗಾಲದ ಡೈಆಕ್ಸೈಡನ್ನು ಹೊರದಬ್ಬುತ್ತಿದ್ದಾನೆ. ಜರ್ಮನಿಯ ವೈದ್ಯ ಅಡಾಲ್ಫ್ ಕುಸ್ಮೌಲ್ 1874ರಲ್ಲಿ ಸಕ್ಕರೆ ಕಾಯಿಲೆಯಿಂದ ಪ್ರಜ್ಞೆ ತಪ್ಪುತ್ತಿದ್ದವರಲ್ಲಿ ಈ ಉಸಿರನ್ನು ಗುರುತಿಸಿ ಬರೆದರು. ಇಂದಿಗೂ ಅದಕ್ಕೆ ಅವರದೇ ಹೆಸರು. ದಮ್ಮಿನಲ್ಲಿ ಎದೆ ಸುಯ್ಯೆನ್ನುತ್ತದೆ, ಉಸಿರು ಬಿಡುವುದು ಕಷ್ಟ. ಇಲ್ಲಿ ಎದೆ ಶುದ್ಧ, ಉಸಿರು ಸಲೀಸು, ಆದರೆ ಮಿತಿಮೀರಿ ಆಳ. ಬಾಯಿಂದ ಕಳಿತ ಹಣ್ಣಿನಂಥ ವಾಸನೆ. ಸ್ಟೆತಸ್ಕೋಪಿಗೆ ಏನೂ ಕೇಳಿಸದೆ ಏದುಸಿರು ಬಿಡುತ್ತಿರುವ ರೋಗಿಯ ಬೆರಳು ಚುಚ್ಚಿ ಸಕ್ಕರೆ ನೋಡದೆ ನೆಬ್ಯುಲೈಸರ್ ಹಚ್ಚಬಾರದು.

ಶ್ವಾಸಕೋಶ ತನ್ನ ಪಾಲಿನ ಕೆಲಸವನ್ನು ಎಷ್ಟು ಮಾಡುತ್ತಿದೆ ಎಂಬುದನ್ನು ಅಳೆಯಲು ಒಂದು ಲೆಕ್ಕವಿದೆ. ವೈದ್ಯರು ಅದನ್ನು ವಿಂಟರ್ಸ್ ಸೂತ್ರ ಎನ್ನುತ್ತಾರೆ. ಬೈಕಾರ್ಬೊನೇಟನ್ನು ಒಂದೂವರೆಯಿಂದ ಗುಣಿಸಿ ಎಂಟು ಕೂಡಿಸಬೇಕು. ಎರಡು ಆಚೀಚೆ ಇರಬಹುದು. ಮುಂದಿನ ಸಾಲಿನಲ್ಲಿ ಬೈಕಾರ್ಬೊನೇಟ್ 8. ಲೆಕ್ಕಕ್ಕೆ 20 ಬರುತ್ತದೆ, ಅಂದರೆ 18ರಿಂದ 22ರೊಳಗೆ ಎಲ್ಲಿದ್ದರೂ ಸರಿ. 21 ಇದೆ. ಈ ಹುಡುಗನ ಶ್ವಾಸಕೋಶಕ್ಕೂ ಮೆದುಳಿನ ಉಸಿರಾಟದ ಕೇಂದ್ರಕ್ಕೂ ದೋಷವಿಲ್ಲ.

ಈಗ ಇದೇ ಹುಡುಗನ ಪಿಸಿಒ2 38 ಎಂದು ಬಂದಿದ್ದರೆ? ಯಂತ್ರ ಅದಕ್ಕೆ ಯಾವ ಗುರುತೂ ಹಾಕುತ್ತಿರಲಿಲ್ಲ, 35–45ರೊಳಗೇ ಇದೆ. ಆದರೆ 20 ಇರಬೇಕಾದವನಲ್ಲಿ 38 ಇದ್ದರೆ ಅವನು ದಣಿದು ಸೋಲುತ್ತಿದ್ದಾನೆ, ಅಥವಾ ಪ್ರಜ್ಞೆ ಮಂಕಾಗಿ ಉಸಿರಾಟ ಕುಂದುತ್ತಿದೆ, ಅಥವಾ ಜೊತೆಗೆ ನ್ಯುಮೋನಿಯಾ ಸೇರಿದೆ ಎಂದರ್ಥ. ಇದರಿಂದಲೇ ಇಂಥವರಿಗೆ ನಿದ್ದೆ ಮದ್ದು ಕೊಟ್ಟು ವೆಂಟಿಲೇಟರ್ ಹಾಕಲು ಅನುಭವಿ ವೈದ್ಯರು ಹಿಂಜರಿಯುವುದು. ಯಂತ್ರವನ್ನು ಮಾಮೂಲು ವೇಗಕ್ಕೆ ಇಟ್ಟು ಪಿಸಿಒ2 40ಕ್ಕೆ ಏರಿತೆನ್ನಿ. ಬೈಕಾರ್ಬೊನೇಟ್ 8 ಇರುವಾಗ ಪಿಎಚ್ ಸುಮಾರು 6.92ಕ್ಕೆ ಕುಸಿಯುತ್ತದೆ. ಹುಡುಗ ತಾನಾಗಿ 7.20ರಲ್ಲಿ ಹಿಡಿದು ನಿಲ್ಲಿಸಿದ್ದನ್ನು ನಾವು ಕೆಲವೇ ನಿಮಿಷಗಳಲ್ಲಿ ಕೆಡಿಸಿದಂತೆ.

ಎಚ್‌ಸಿಒ3: 8 ಮಿಲಿಮೋಲ್/ಲೀಟರ್ (22–26)

ಇದು ಬೈಕಾರ್ಬೊನೇಟ್, ರಕ್ತದಲ್ಲಿ ಆಮ್ಲವನ್ನು ಹೀರಿಕೊಳ್ಳುವ ಕ್ಷಾರ. 24ರ ಸುಮಾರಿಗೆ ಇರಬೇಕಾದದ್ದು 8 ಆಗಿದೆ. ಮೂರರಲ್ಲಿ ಎರಡು ಪಾಲು ಆಮ್ಲವನ್ನು ತಣಿಸುವುದರಲ್ಲಿ ಖರ್ಚಾಗಿದೆ.

ಯಂತ್ರ ಇದನ್ನು ಅಳೆಯುವುದಿಲ್ಲ. ಪಿಎಚ್ ಮತ್ತು ಪಿಸಿಒ2ಗಳನ್ನು ಅಳೆದು ಇದನ್ನು ಲೆಕ್ಕ ಹಾಕುತ್ತದೆ. ಲೆಕ್ಕದ ಮೂಲ ಅಮೆರಿಕದ ಲಾರೆನ್ಸ್ ಹೆಂಡರ್ಸನ್ 1908ರಲ್ಲಿ ಕಂಡುಕೊಂಡ ಸಂಬಂಧ. ಡೆನ್ಮಾರ್ಕಿನ ಹ್ಯಾಸಲ್‌ಬಾಲ್ಕ್ ಅದನ್ನು ನಂತರ ಲಾಗರಿದಮ್ಮಿಗೆ ತಿರುಗಿಸಿದರು. ಕಾಗದದ ಮೇಲೆ ನೀವೂ ಪರೀಕ್ಷಿಸಬಹುದು: 24ನ್ನು ಪಿಸಿಒ2ದಿಂದ ಗುಣಿಸಿ ಬೈಕಾರ್ಬೊನೇಟಿನಿಂದ ಭಾಗಿಸಿದರೆ ಹೈಡ್ರೋಜನ್ ಅಯಾನುಗಳ ನ್ಯಾನೊಮೋಲ್ ಸಿಗುತ್ತದೆ. 24 ಗುಣಿಸು 21, ಭಾಗಿಸು 8: 63. ಪಿಎಚ್ 7.20ಕ್ಕೆ ಇರಬೇಕಾದದ್ದೂ 63. ಕೈಯಲ್ಲಿ ನಕಲು ಮಾಡಿ ಬರೆದ ವರದಿಗಳಲ್ಲಿ ಈ ಲೆಕ್ಕ ಹೊಂದದಿದ್ದರೆ ಯಾವುದೋ ಅಂಕಿ ತಪ್ಪಾಗಿ ದಾಖಲಾಗಿದೆ.

ಈ ಸೂತ್ರದಿಂದ ಇನ್ನೊಂದು ಮಾತು ಹೊಳೆಯುತ್ತದೆ. ಪಿಎಚ್‌ ಅನ್ನು ತೀರ್ಮಾನಿಸುವುದು ಪಿಸಿಒ2 ಮತ್ತು ಬೈಕಾರ್ಬೊನೇಟ್ ಎರಡರ ಅನುಪಾತವೇ ಹೊರತು ಯಾವುದೋ ಒಂದರ ಮೊತ್ತವಲ್ಲ. ಈ ತಿಳಿವಳಿಕೆ ಜೀವ ಉಳಿಸಿದ ಚರಿತ್ರೆ 1952ರ ಕೋಪನ್‌ಹೇಗನ್ನಿನದು. ಪೋಲಿಯೊ ಪಿಡುಗಿನಲ್ಲಿ ಬ್ಲೆಗ್‌ಡಾಮ್ ಆಸ್ಪತ್ರೆಗೆ ಉಸಿರಾಟದ ಸ್ನಾಯುಗಳು ನಿಷ್ಕ್ರಿಯವಾದ ರೋಗಿಗಳು ಒಂದೇ ಸಮನೆ ಬರುತ್ತಿದ್ದರು, ಹೆಚ್ಚಿನವರು ಸಾಯುತ್ತಿದ್ದರು. ಪ್ರಯೋಗಾಲಯ ಅಳೆಯುತ್ತಿದ್ದುದು ರಕ್ತದ ಒಟ್ಟು ಇಂಗಾಲದ ಡೈಆಕ್ಸೈಡನ್ನು. ಅದರ ಬಹುಪಾಲು ಬೈಕಾರ್ಬೊನೇಟೇ. ಅದು ಏರಿತ್ತು. ಕ್ಷಾರ ಏರಿದೆ, ಇದೇನೋ ಕ್ಷಾರದ ರೋಗ ಎಂದು ವೈದ್ಯರು ತಿಳಿದರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಒಪ್ಪಲಿಲ್ಲ. ಉಸಿರಾಡಲಾರದೆ ಇಂಗಾಲದ ಡೈಆಕ್ಸೈಡ್ ದೇಹದಲ್ಲಿ ತುಂಬಿಕೊಳ್ಳುತ್ತಿದೆ, ಇದು ಆಮ್ಲದ ರೋಗ ಎಂದರು. ಆಗಸ್ಟ್ 27ರಂದು ಸಾವಿನ ಅಂಚಿನಲ್ಲಿದ್ದ ಹನ್ನೆರಡು ವರ್ಷದ ಹುಡುಗಿಯ ಗಂಟಲಿಗೆ ಕೊಳವೆ ಇಳಿಸಿ ರಬ್ಬರ್ ಚೀಲ ಹಿಂಡಿ ಗಾಳಿ ಕೊಟ್ಟರು. ಹುಡುಗಿ ಉಳಿದಳು. ಮುಂದೆ ತಿಂಗಳುಗಟ್ಟಲೆ ವೈದ್ಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಹಾಸಿಗೆ ಪಕ್ಕ ಕೂತು ಚೀಲ ಹಿಂಡಿದರು. ಸಾವಿನ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ಇಂದಿನ ಐಸಿಯು ಹುಟ್ಟಿದ್ದು ಹೀಗೆ. ಅಲ್ಲಿಯ ಪ್ರಯೋಗಾಲಯದ ಮುಖ್ಯಸ್ಥ ಪೌಲ್ ಆಸ್ಟ್ರಪ್ ಪಿಎಚ್ ಮತ್ತು ಪಿಸಿಒ2 ತಿಳಿಯುವ ವಿಧಾನ ರೂಪಿಸಲು ಹೊರಟದ್ದೂ ಇದೇ ಪಿಡುಗಿನ ಒತ್ತಡದಲ್ಲಿ. ನಮ್ಮ ಕೈಯಲ್ಲಿರುವ ಚೀಟಿ ಆ ಕೆಲಸದ ವಂಶದ್ದು.

ಅದೇ ಗೊಂದಲ ಇಂದಿಗೂ ನಮ್ಮ ಆಸ್ಪತ್ರೆಗಳಲ್ಲಿ ಎದುರಾಗುತ್ತದೆ. ಬದುಕಿಡೀ ಬೀಡಿ ಸೇದಿದವರು, ಸೌದೆ ಒಲೆಯ ಹೊಗೆ ಕುಡಿದ ಹೆಂಗಸರು ಶ್ವಾಸಕೋಶ ಕೆಟ್ಟು ಬಂದಾಗ ಪಿಸಿಒ2 60, ಬೈಕಾರ್ಬೊನೇಟ್ 34, ಪಿಎಚ್ 7.37 ಎಂದು ಬರಬಹುದು. ಪಿಎಚ್ ಸಾಮಾನ್ಯ! ಮೂತ್ರಪಿಂಡ ದಿನಗಟ್ಟಲೆ ಬೈಕಾರ್ಬೊನೇಟ್ ಕೂಡಿಹಾಕಿ ಸರಿದೂಗಿಸಿದೆ. ಪಿಎಚ್ ಒಂದನ್ನೇ ನೋಡಿ ಮನೆಗೆ ಕಳಿಸಿದರೆ ತೀವ್ರ ಶ್ವಾಸಕೋಶದ ರೋಗಿಯನ್ನು ಕಳಿಸಿದಂತಾಯಿತು.

ಬಿಇ: −18 (−2ರಿಂದ +2)

ಬೇಸ್ ಎಕ್ಸೆಸ್. ಪಿಸಿಒ2 40 ಇದ್ದಿದ್ದರೆ ರಕ್ತವನ್ನು 7.40ಕ್ಕೆ ತರಲು ಎಷ್ಟು ಕ್ಷಾರ ಬೇಕಿತ್ತು ಎಂಬ ಲೆಕ್ಕ. ಋಣ 18 ಎಂದರೆ ಕೊರತೆ ದೊಡ್ಡದು. ಬೈಕಾರ್ಬೊನೇಟ್ ಹೇಳಿದ್ದನ್ನೇ ಇದು ಹೇಳುತ್ತಿದೆ. ಈ ಅಂಕಿ ನೋಡಿ ಅಷ್ಟು ಸೋಡಾ ಬೈಕಾರ್ಬೊನೇಟನ್ನು ಸಿರೆಗೆ ಹರಿಸಬೇಕೆಂದು ಅನ್ನಿಸುವುದು ಸಹಜ. ಸಕ್ಕರೆ ಕಾಯಿಲೆಯ ಈ ಸ್ಥಿತಿಯಲ್ಲಿ ಪಿಎಚ್ 7.0ಕ್ಕಿಂತ ಕೆಳಗಿಳಿಯದ ಹೊರತು ಅದನ್ನು ಕೊಡುವುದಿಲ್ಲ; ಇನ್ಸುಲಿನ್ ಸಿಕ್ಕರೆ ದೇಹ ಕೀಟೋನುಗಳನ್ನು, ಅಂದರೆ ಕೊಬ್ಬಿನಿಂದ ಹುಟ್ಟಿದ ಆಮ್ಲಗಳನ್ನು, ಉರಿಸಿ ಬೈಕಾರ್ಬೊನೇಟನ್ನು ತಾನೇ ಮರಳಿ ಮಾಡಿಕೊಳ್ಳುತ್ತದೆ.

ಪಿಒ2: 97 ಮಿ.ಮೀ. ಪಾದರಸ (80–100). ಎಸ್‌ಒ2: ಶೇ. 96

ಒತ್ತಡದಲ್ಲೂ (ಪಿಒ2), ಹಿಮೋಗ್ಲೋಬಿನ್ ತುಂಬಿಕೊಂಡ ಪಾಲಿನಲ್ಲೂ (ಎಸ್ಒ2) ಆಮ್ಲಜನಕ ಸಾಕಷ್ಟಿದೆ. ಇಲ್ಲಿ ಊರಿನ ಎತ್ತರ ಲೆಕ್ಕಕ್ಕೆ ಬರುತ್ತದೆ. ಕಡಲ ಮಟ್ಟದ ಮಂಗಳೂರಿನಲ್ಲಿ ವಾಯುಭಾರ 760 ಮಿ.ಮೀ.; ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 685ರ ಆಸುಪಾಸು. ಉಸಿರಿನ ತೇವಾಂಶದ 47 ಕಳೆದು ಶೇಕಡಾ 21 ತೆಗೆದರೆ ಮಂಗಳೂರಿನವರ ಶ್ವಾಸನಾಳಕ್ಕೆ 150, ಬೆಂಗಳೂರಿನವರಿಗೆ 134. ಆರೋಗ್ಯವಂತ ಬೆಂಗಳೂರಿಗರ ಪಿಒ2 ಕರಾವಳಿಯವರಿಗಿಂತ ಹದಿನೈದರಷ್ಟು ಕಡಿಮೆ ಇರುವುದು ರೋಗವಲ್ಲ, ಭೂಗೋಳ. ಚೀಟಿಯಲ್ಲಿ ಅಚ್ಚಾದ ಮಿತಿ ಮಾತ್ರ ಸಾಮಾನ್ಯವಾಗಿ ಕಡಲ ಮಟ್ಟದ್ದು. ಈ ಹುಡುಗನಿಗೆ ಬೆಂಗಳೂರಿನಲ್ಲಿಯೂ 97 ಬಂದಿರುವುದು ಆಳದ ಉಸಿರಿನಿಂದ.

ಸೋಡಿಯಂ 132, ಕ್ಲೋರೈಡ್ 98 ಮಿಲಿಮೋಲ್/ಲೀಟರ್

ಈ ಎರಡು ಅಂಕಿಗಳ ನಡುವೆ, ಚೀಟಿಯಲ್ಲಿ ಎಷ್ಟೋ ಸಲ ಅಚ್ಚಾಗದ ಒಂದು ಸಾಲಿದೆ. ಅದನ್ನು ನಾವೇ ಬರೆದುಕೊಳ್ಳಬೇಕು: ಆನಯಾನ್ ಗ್ಯಾಪ್.

ರಕ್ತದಲ್ಲಿ ಧನ ವಿದ್ಯುದಂಶಗಳೂ ಋಣ ವಿದ್ಯುದಂಶಗಳೂ ಯಾವಾಗಲೂ ಸಮ. ಸೋಡಿಯಂನಿಂದ ಕ್ಲೋರೈಡ್ ಮತ್ತು ಬೈಕಾರ್ಬೊನೇಟ್ ಎರಡನ್ನೂ ಕಳೆದರೆ ನಾವು ಅಳೆಯದ ಋಣ ಅಯಾನುಗಳು ಉಳಿಯುತ್ತವೆ. ಸಂತೆಗೆ ಕೊಟ್ಟ ದುಡ್ಡಿನಲ್ಲಿ ತಂದ ಸಾಮಾನಿನ ಬೆಲೆಯನ್ನೂ ಉಳಿದ ಚಿಲ್ಲರೆಯನ್ನೂ ಕಳೆದು, ಲೆಕ್ಕಕ್ಕೆ ಸಿಗದ ಹಣ ಎಷ್ಟು ಎಂದು ನೋಡಿದ ಹಾಗೆ. ಸುಮಾರು 8ರಿಂದ 12ರಷ್ಟು ಇದ್ದೇ ಇರುತ್ತದೆ, ಬಹುಪಾಲು ಆಲ್ಬುಮಿನ್. ಇಲ್ಲಿ 132ರಿಂದ 106 ಕಳೆದರೆ 26. ಹೆಚ್ಚುವರಿ 14. ಅಷ್ಟು ಯಾವುದೋ ಅಳೆಯದ ಆಮ್ಲ ರಕ್ತದಲ್ಲಿ ಸೇರಿದೆ.

ಇದೇ ಪಿಎಚ್, ಇದೇ ಬೈಕಾರ್ಬೊನೇಟ್ ವಿಪರೀತ ಭೇದಿಯಾದ ಮಗುವಿನಲ್ಲೂ ಕಾಣಬಹುದು. ಆದರೆ ಅಲ್ಲಿ ಬೈಕಾರ್ಬೊನೇಟ್ ಭೇದಿಯಲ್ಲಿ ಹೊರಹೋಗಿದೆ, ಅದರ ಜಾಗಕ್ಕೆ ಕ್ಲೋರೈಡ್ ಬಂದಿದೆ, ಗ್ಯಾಪ್ 12ರ ಒಳಗೇ ಉಳಿಯುತ್ತದೆ. ಗ್ಯಾಪ್ ಏರಿದೆ ಎಂದರೆ ಹುಡುಕಬೇಕಾದವರ ಪಟ್ಟಿ ಬೇರೆ: ಕೀಟೋನ್, ಲ್ಯಾಕ್ಟಿಕ್ ಆಮ್ಲ, ಮೂತ್ರಪಿಂಡ ಕೆಟ್ಟು ಉಳಿದ ಆಮ್ಲಗಳು, ವಿಷ. ಕಳ್ಳಭಟ್ಟಿಯಲ್ಲಿ ಬೆರೆಯುವ ಮೆಥನಾಲ್ ದೇಹದಲ್ಲಿ ಫಾರ್ಮಿಕ್ ಆಮ್ಲವಾಗಿ ಕಣ್ಣನ್ನೂ ಜೀವವನ್ನೂ ತೆಗೆಯುತ್ತದೆ. 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಸತ್ತದ್ದು ಇಂಥ ಮದ್ಯದಿಂದ. ಅಪೌಷ್ಟಿಕತೆಯಿಂದ ಆಲ್ಬುಮಿನ್ ಇಳಿದವರಲ್ಲಿ ಗ್ಯಾಪ್ ಕೂಡ ಇಳಿಯುತ್ತದೆ, ಆಲ್ಬುಮಿನ್ ಡೆಸಿಲೀಟರಿಗೆ ಒಂದು ಗ್ರಾಂ ಕಡಿಮೆಯಾದರೆ ಎರಡೂವರೆಯಷ್ಟು. ಅವರಲ್ಲಿ 12 ಎಂಬ ಅಂಕಿಯನ್ನೂ ಅನುಮಾನಿಸಬೇಕು.

ಲ್ಯಾಕ್ಟೇಟ್: 1.8 ಮಿಲಿಮೋಲ್/ಲೀಟರ್ (2ಕ್ಕಿಂತ ಕಡಿಮೆ)

ಲ್ಯಾಕ್ಟಿಕ್ ಆಮ್ಲ ಅಲ್ಲ. ಒಂದು ಹೆಸರು ಪಟ್ಟಿಯಿಂದ ಹೋಯಿತು.

ಗ್ಲೂಕೋಸ್: 480 ಮಿ.ಗ್ರಾಂ/ಡೆಸಿಲೀಟರ್

ಉಳಿದದ್ದು ಕೀಟೋನ್, ರಕ್ತದಲ್ಲೋ ಮೂತ್ರದಲ್ಲೋ ನೋಡಿ ಖಚಿತ ಮಾಡಿಕೊಳ್ಳಬೇಕು. ಇನ್ಸುಲಿನ್ ಇಲ್ಲದೆ ರಕ್ತದ ಸಕ್ಕರೆ ಜೀವಕೋಶಗಳ ಒಳಗೆ ಹೋಗಲಿಲ್ಲ. ದೇಹ ಕೊಬ್ಬನ್ನು ಕರಗಿಸತೊಡಗಿತು, ಯಕೃತ್ತು ಅದರಿಂದ ಕೀಟೋ ಆಮ್ಲಗಳನ್ನು ಮಾಡಿತು. ಮನೆಯವರು ಹೆದರಿದ್ದು ಸಕ್ಕರೆ ಇಳಿದೀತೆಂದು. ಹೊಟ್ಟೆಗೆ ಏನೂ ಹೋಗದಿದ್ದರೂ ಯಕೃತ್ತು ಸಕ್ಕರೆ ತಯಾರಿಸುತ್ತಲೇ ಇರುತ್ತದೆ, ಜ್ವರ ವಾಂತಿಗಳ ಒತ್ತಡದಲ್ಲಿ ಇನ್ನೂ ಹೆಚ್ಚು. ಟೈಪ್ 1 ಇರುವವರು ಉಪವಾಸವಿದ್ದರೂ, ವಾಂತಿಯಾಗುತ್ತಿದ್ದರೂ ಮೂಲ ಇನ್ಸುಲಿನನ್ನು ನಿಲ್ಲಿಸುವಂತಿಲ್ಲ. ಅಳತೆ ಬದಲಿಸುವುದಿದ್ದರೆ ವೈದ್ಯರನ್ನು ಕೇಳಿಯೇ ಬದಲಿಸಬೇಕು. ಈ ಒಂದು ಮಾತು ಪ್ರತಿ ಮನೆಗೆ ತಲುಪಿದ್ದರೆ ಇಂಥ ಎಷ್ಟೋ ಚೀಟಿಗಳು ಅಚ್ಚಾಗುತ್ತಲೇ ಇರಲಿಲ್ಲ.

ಸೋಡಿಯಂ 132 ಇರುವುದಕ್ಕೂ ಇದೇ ಕಾರಣ. ಏರಿದ ಸಕ್ಕರೆ ಜೀವಕೋಶಗಳಿಂದ ನೀರೆಳೆದು ರಕ್ತವನ್ನು ತೆಳುಮಾಡುತ್ತದೆ. ಸಕ್ಕರೆ ನೂರು ಏರಿದರೆ ಸೋಡಿಯಂ ಸುಮಾರು 1.6 ಇಳಿಯುತ್ತದೆ, ಸರಿಪಡಿಸಿದರೆ 138. ಗ್ಯಾಪ್ ಲೆಕ್ಕಕ್ಕೆ ಮಾತ್ರ ಸರಿಪಡಿಸದ 132ನ್ನೇ ಬಳಸಬೇಕು, ಏಕೆಂದರೆ ಕ್ಲೋರೈಡೂ ಬೈಕಾರ್ಬೊನೇಟೂ ಅಷ್ಟೇ ತೆಳುವಾಗಿವೆ.

ಪೊಟ್ಯಾಸಿಯಂ: 5.3 ಮಿಲಿಮೋಲ್/ಲೀಟರ್ (3.5–5.0)

ಎಲ್ಲಕ್ಕಿಂತ ಮೋಸದ ಸಾಲು. ಹೆಚ್ಚಾಗಿದೆ ಎಂದು ಓದಿಸಿಕೊಳ್ಳುತ್ತದೆ, ದೇಹದಲ್ಲಿ ಇರುವುದು ಕೊರತೆ. ವಾಂತಿಯಲ್ಲೂ ಸಕ್ಕರೆ ಸುರಿದ ಮೂತ್ರದಲ್ಲೂ ಪೊಟ್ಯಾಸಿಯಂ ದಿನಗಟ್ಟಲೆ ಹೊರಹೋಗಿದೆ. ಇನ್ಸುಲಿನ್ ಇಲ್ಲದ್ದರಿಂದ ಉಳಿದದ್ದು ಜೀವಕೋಶಗಳಿಂದ ರಕ್ತಕ್ಕೆ ಬಂದು ನಿಂತಿದೆ. ಇನ್ಸುಲಿನ್ ಹರಿಸತೊಡಗಿದ ಕೂಡಲೆ ಅದು ಒಳಗೆ ಹೋಗುತ್ತದೆ, ರಕ್ತದ ಮಟ್ಟ ಬೀಳುತ್ತದೆ, ಹೃದಯದ ಬಡಿತ ತಪ್ಪಬಹುದು. ಹಾಗಾಗಿ ಸಲೈನ್ ಹರಿಸಿ, ಮೂತ್ರ ಬರುತ್ತಿದೆಯೆಂದು ಖಚಿತವಾದ ಮೇಲೆ ಡ್ರಿಪ್ಪಿನಲ್ಲೇ ಪೊಟ್ಯಾಸಿಯಂ ಸೇರಿಸುತ್ತಾರೆ. ಮೊದಲ ಅಳತೆಯೇ ಮೂರೂವರೆಗಿಂತ ಕೆಳಗಿದ್ದರೆ ಇನ್ಸುಲಿನನ್ನು ತಡೆಹಿಡಿದು ಮೊದಲು ಪೊಟ್ಯಾಸಿಯಂ ಕೊಡುತ್ತಾರೆ.

ಹನ್ನೆರಡು ಗಂಟೆಗಳ ನಂತರ: ಪಿಎಚ್ 7.30, ಪಿಸಿಒ2 31, ಎಚ್‌ಸಿಒ3 15, ಸೋಡಿಯಂ 138, ಕ್ಲೋರೈಡ್ 112, ಪೊಟ್ಯಾಸಿಯಂ 3.6, ಗ್ಲೂಕೋಸ್ 190

ಗ್ಲೂಕೋಸ್ ಇಳಿಯಿತೆಂದು ಇನ್ಸುಲಿನ್ ನಿಲ್ಲಿಸುವುದು ಈ ಹಂತದ ದೊಡ್ಡ ಅಪಾಯ. ಸಕ್ಕರೆ ಬೇಗ ಇಳಿಯುತ್ತದೆ, ಕೀಟೋನ್ ನಿಧಾನವಾಗಿ. ಅದಕ್ಕೇ ಸಕ್ಕರೆ ಇಳಿದ ಮೇಲೆ ಡ್ರಿಪ್ಪಿಗೆ ಡೆಕ್ಸ್ಟ್ರೋಸ್ ಸೇರಿಸಿ ಇನ್ಸುಲಿನ್ ಮುಂದುವರಿಸುತ್ತಾರೆ. ಸಕ್ಕರೆ ರೋಗಿಗೆ ಗ್ಲೂಕೋಸ್ ಬಾಟಲಿ ಏಕೆ ಏರಿಸಿದಿರಿ ಎಂದು ಮನೆಯವರು ಗಾಬರಿಯಾಗುವುದುಂಟು. ವಾರ್ಡಿನಲ್ಲಿ ಒಂದು ನಿಮಿಷ ನಿಂತು ಇದನ್ನು ತಿಳಿಸಬೇಕು.

ಬೈಕಾರ್ಬೊನೇಟ್ ಇನ್ನೂ 15. ಆಮ್ಲ ಹೋಗಿಲ್ಲವೇ? ಗ್ಯಾಪ್ ಲೆಕ್ಕ ಹಾಕಿ: 138ರಿಂದ 127 ಕಳೆದರೆ 11. ಕೀಟೋನಿನ ಆಮ್ಲ ತೀರಿದೆ. ಈಗ ಉಳಿದಿರುವುದು ಲೀಟರುಗಟ್ಟಲೆ ಹರಿಸಿದ ಸಲೈನಿನ ಕ್ಲೋರೈಡ್, 98ರಿಂದ 112ಕ್ಕೆ ಏರಿದ್ದು. ಮೂತ್ರಪಿಂಡ ಅದನ್ನು ಒಂದೆರಡು ದಿನದಲ್ಲಿ ತಾನಾಗಿ ಸರಿಮಾಡುತ್ತದೆ. ಇದಕ್ಕೆ ಇನ್ಸುಲಿನ್ ಹೆಚ್ಚಿಸುವುದೂ ಬೇಡ, ಬೈಕಾರ್ಬೊನೇಟ್ ಕೊಡುವುದೂ ಬೇಡ. ಹುಡುಗ ಊಟ ಮಾಡುವಂತಾದರೆ ಚರ್ಮದಡಿಯ ಇನ್ಸುಲಿನ್ ಕೊಟ್ಟು, ಅದು ಕೆಲಸ ಶುರುಮಾಡಲು ಒಂದೆರಡು ಗಂಟೆ ಬಿಟ್ಟು, ಆಮೇಲೆ ಡ್ರಿಪ್ಪಿನ ಇನ್ಸುಲಿನ್ ನಿಲ್ಲಿಸಬೇಕು. ಪೊಟ್ಯಾಸಿಯಂ 3.6ಕ್ಕೆ ಬಂದಿರುವುದರಿಂದ ಅದನ್ನು ಮಾತ್ರ ಇನ್ನೂ ಕೊಡುತ್ತಿರಬೇಕು, ಕೆಲವು ಗಂಟೆಗಳಿಗೊಮ್ಮೆ ಮತ್ತೆ ಅಳೆಯಬೇಕು. ಅದಕ್ಕೆ ಧಮನಿಯನ್ನು ಪುನಃ ಚುಚ್ಚಬೇಕಾಗಿಲ್ಲ. ಸಿರೆಯ ರಕ್ತದ ಪಿಎಚ್ ಧಮನಿಯದಕ್ಕಿಂತ ಸುಮಾರು 0.03ರಷ್ಟೇ ಕಡಿಮೆ ಇರುತ್ತದೆ. ಈ ರೋಗದ ಚೇತರಿಕೆಯನ್ನು ಹಿಂಬಾಲಿಸಲು ಅದು ಸಾಕು.